ದಿನವಿಡೀ ಓಡಿಸಿದರೂ ಟ್ರೈಲರ್ ಬ್ಯಾಟರಿ ತುಂಬುತ್ತಿಲ್ಲವೇ? ದೋಷ ಹುಡುಕುವ ಕೈಪಿಡಿ

ಮುಂದಿನ ವಾಹನದ ಆಲ್ಟರ್ನೇಟರ್‌ನಿಂದ (ಎಂಜಿನ್ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಯಂತ್ರ) ಹಿಂದಿನ, ದೀಪ, ಫ್ರಿಜ್, ಪಂಪು ಇರುವ ಟ್ರೈಲರ್‌ನ ಬ್ಯಾಟರಿಗೆ ಕರೆಂಟು ಬಹಳ ದೂರ ಹೋಗಬೇಕು. ವಾಹನದ ಬ್ಯಾಟರಿ, ಅದರ ಪಕ್ಕದ ಫ್ಯೂಸ್, ರಿಲೇ (ಕರೆಂಟಿನಿಂದಲೇ ಸೇರಿ ಬಿಡುವ ಸ್ವಿಚ್), ಚಾಸಿ ಉದ್ದಕ್ಕೂ ಹೋಗುವ ವೈರ್, ಹಿಂಬದಿಯ ಸಾಕೆಟ್, ಟ್ರೈಲರ್‌ನ ಪ್ಲಗ್, ಜಂಕ್ಷನ್ ಬಾಕ್ಸ್, ಇನ್ನೊಂದು ಫ್ಯೂಸ್, ಆಮೇಲೆ ಬ್ಯಾಟರಿ. ಅಷ್ಟಕ್ಕೇ ಮುಗಿಯಲಿಲ್ಲ, ಅಷ್ಟೇ ದೂರ ಅರ್ತಿಂಗ್ ವೈರ್‌ನಲ್ಲಿ ವಾಪಸ್ ಬರಬೇಕು. ಈ ದಾರಿಯಲ್ಲಿ ಎಲ್ಲಿ ಕೆಟ್ಟರೂ ಹೊರಗೆ ಕಾಣುವುದು ಒಂದೇ: ರಾತ್ರಿ ಟ್ರೈಲರ್‌ನಲ್ಲಿ ದೀಪ ಮಂಕು. ಹೀಗಾಗಿ ಜನ ಮೊದಲು ಬ್ಯಾಟರಿಯನ್ನೇ ಬೈಯುತ್ತಾರೆ, ದುಡ್ಡು ಕೊಟ್ಟು ಹೊಸದು ಹಾಕಿಸುತ್ತಾರೆ, ಎರಡು ವಾರದಲ್ಲಿ ಹೊಸದೂ ಅದೇ ಪಾಡು.

ಕೆಳಗಿನದೆಲ್ಲ 12 ವೋಲ್ಟ್ ವ್ಯವಸ್ಥೆಗೆ ಸಂಬಂಧಿಸಿದ್ದು. 24 ವೋಲ್ಟ್‌ನ ದೊಡ್ಡ ವಾಹನ 12 ವೋಲ್ಟ್ ಟ್ರೈಲರ್ ಎಳೆಯುತ್ತಿದ್ದರೆ ನಡುವೆ ಅದಕ್ಕೆಂದೇ ಮಾಡಿದ ಪರಿವರ್ತಕ ಇರಲೇಬೇಕು. ಅದಿಲ್ಲದೆ ಪ್ಲಗ್ ಜೋಡಿಸಲೇಬೇಡಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಸಾಧಾರಣ ಮಲ್ಟಿಮೀಟರ್, ಎರಡು ವೈರ್ ಬೆಸೆದ 55 ವಾಟಿನ ಹಳೆಯ ಹೆಡ್‌ಲೈಟ್ ಬಲ್ಬ್, 21 ವಾಟಿನ ಒಂದು ಇಂಡಿಕೇಟರ್ ಬಲ್ಬ್, ಸಣ್ಣ ತಂತಿ ಬ್ರಷ್. ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಸಿಕ್ಕರೆ ಕೆಲಸ ಅರ್ಧ ಹಗುರ. ಕೊಳ್ಳುವಾಗ ಡಿಸಿ ಆಂಪಿಯರ್ ಅಳೆಯುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಅಗ್ಗದ ಕ್ಲಾಂಪ್‌ಗಳಲ್ಲಿ ಹೆಚ್ಚಿನವು ಎಸಿ ಮಾತ್ರ ಅಳೆಯುತ್ತವೆ, ಬ್ಯಾಟರಿ ಕೇಬಲ್‌ಗೆ ಹಾಕಿದರೆ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತವೆ.

ಕೈ ಹಾಕುವ ಮುನ್ನ

ಸಮತಟ್ಟಾದ ಬಯಲಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಟ್ರೈಲರ್ ಚಕ್ರಗಳಿಗೆ ಅಡೆ ಕೊಡಿ. ಎಂಜಿನ್ ಓಡಿಸಿಕೊಂಡೇ ಮಾಡುವ ಪರೀಕ್ಷೆಗಳು ಹಲವು ಇವೆ, ಆದ್ದರಿಂದ ಮುಚ್ಚಿದ ಶೆಡ್ಡಿನೊಳಗೆ ಬೇಡ: ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸಡಿಲ ತೋಳು, ದುಪಟ್ಟಾ, ಮೀಟರಿನ ವೈರ್ ಯಾವುದೂ ಫ್ಯಾನ್, ಬೆಲ್ಟ್ ಹತ್ತಿರ ಸುಳಿಯಬಾರದು. ಉಂಗುರ, ಬಳೆ, ಕೈಗಡಿಯಾರ ಬಿಚ್ಚಿಡಿ. ಹನ್ನೆರಡು ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಉಂಗುರ ಪಾಸಿಟಿವ್‌ಗೂ ಬಾಡಿಗೂ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಬೆರಳಿಗೆ ಕಚ್ಚಿಕೊಳ್ಳುತ್ತದೆ.

ಲೆಡ್ ಆ್ಯಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4 ಸೇರಿದರೆ ಒಂದು ಕಿಡಿ ಸಾಕು. ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ, ಕನ್ನಡಕ ಹಾಕಿಕೊಳ್ಳಿ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ವಾಹನ ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಆಗಿದ್ದರೆ ಕಿತ್ತಳೆ ಬಣ್ಣದ ಕೇಬಲ್‌ಗಳ ತಂಟೆಗೇ ಹೋಗಬೇಡಿ.

ಇದು ದೋಷವೇ ಅಲ್ಲದಿರಬಹುದು

ಮೊದಲು ಕೂಡಿ ಕಳೆದು ನೋಡಿ, ಇದಕ್ಕೆ ಖರ್ಚಿಲ್ಲ. ನೂರು ಆಂಪಿಯರ್-ಅವರ್‌ನ ಬ್ಯಾಟರಿ ಅರ್ಧ ಖಾಲಿಯಾಗಿದೆ ಅಂದರೆ 50 ಆಂಪಿಯರ್-ಅವರ್‌ಗಿಂತ ತುಸು ಹೆಚ್ಚೇ ಹಿಂದಕ್ಕೆ ತುಂಬಬೇಕು. ಮಾಮೂಲಿ ಪ್ಲಗ್ ವೈರಿಂಗ್‌ನಲ್ಲಿ ಬರುವುದು ಐದು ಆಂಪಿಯರ್ ಇರಬಹುದು. ಮೂರು ಗಂಟೆ ಓಡಿಸಿದರೆ ಬಂದದ್ದು 15. ಉಳಿದದ್ದು ಎಲ್ಲಿಂದ ಬರಬೇಕು? ಇಲ್ಲಿ ಯಾವುದೂ ಕೆಟ್ಟಿಲ್ಲ, ನಿರೀಕ್ಷೆ ಮಾತ್ರ ದೊಡ್ಡದು. ಲೆಡ್ ಆ್ಯಸಿಡ್ ಬ್ಯಾಟರಿಯ ಕೊನೆಯ ಐದನೇ ಒಂದು ಪಾಲಂತೂ ಎಷ್ಟು ದಪ್ಪದ ಕೇಬಲ್ ಎಳೆದರೂ ನಿಧಾನವಾಗಿಯೇ ತುಂಬುವುದು.

ಇನ್ನೊಂದು ಗೊಂದಲ ಟ್ರೈಲರ್ ಗೋಡೆಯ ಮೇಲಿನ ನಾಲ್ಕು ದೀಪದ ಪ್ಯಾನೆಲ್. ಅದಕ್ಕೆ ತಿಳಿಯುವುದು ಆ ಗಳಿಗೆಯ ವೋಲ್ಟೇಜ್ ಮಾತ್ರ. ಚಾರ್ಜರ್ ಓಡುತ್ತಿದ್ದರೆ ಖಾಲಿ ಬ್ಯಾಟರಿಗೂ 'ಫುಲ್' ಅನ್ನುತ್ತದೆ, ನೀರಿನ ಪಂಪು ಓಡುತ್ತಿದ್ದರೆ ತುಂಬಿದ್ದಕ್ಕೂ ಅರ್ಧ ಅನ್ನುತ್ತದೆ. ನಿಜ ಬೇಕಾದರೆ ಎಲ್ಲ ಲೋಡೂ (ದೀಪ, ಪಂಪಿನಂತೆ ಕರೆಂಟು ಎಳೆಯುವುದೆಲ್ಲ) ಚಾರ್ಜರೂ ತೆಗೆದು ಕೆಲವು ಗಂಟೆ ಬಿಟ್ಟು, ಮೀಟರನ್ನು ಬ್ಯಾಟರಿಯ ಟರ್ಮಿನಲ್‌ಗೇ ಹಿಡಿಯಬೇಕು. ಲೆಡ್ ಆ್ಯಸಿಡ್‌ನಲ್ಲಿ 12.6 ರಿಂದ 12.7 ಇದ್ದರೆ ತುಂಬಿದೆ, 12.2 ಅಂದರೆ ಹತ್ತಿರ ಹತ್ತಿರ ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಲಿಥಿಯಂ ಐರನ್ ಫಾಸ್ಫೇಟ್‌ಗೆ ಈ ಪಟ್ಟಿ ನಡೆಯುವುದಿಲ್ಲ. ಅದು ತುಂಬಿದ್ದಾಗ 13.3 ಆಸುಪಾಸು ಇದ್ದು, ಬಹುಪಾಲು ಖಾಲಿಯಾಗುವವರೆಗೂ 13ರ ಸುತ್ತಲೇ ಓಡಾಡುತ್ತಿರುತ್ತದೆ. ಅದರಲ್ಲಿ ಎಷ್ಟಿದೆ ಎಂದು ವೋಲ್ಟ್ ನೋಡಿ ಹೇಳುವುದು ಕಷ್ಟ.

ಮುಂದಿನ ಪರೀಕ್ಷೆಗಳಿಗೆಲ್ಲ ಟ್ರೈಲರ್‌ನ ಸೋಲಾರ್ ಮತ್ತು ಮನೆ ಕರೆಂಟಿನ ಚಾರ್ಜರ್ ಎರಡನ್ನೂ ಆಫ್ ಮಾಡಿ. ಬಿಸಿಲಿಗೆ ಬಂದ 13.6 ನೋಡಿ "ಕಾರಿನಿಂದ ಬರ್ತಾ ಇದೆ" ಎಂದುಕೊಂಡು ಮೋಸಹೋಗುವವರು ಬಹಳ.

ಲಕ್ಷಣ: ಎಂಜಿನ್ ಆನ್ ಇರಲಿ, ಆಫ್ ಇರಲಿ, ಟ್ರೈಲರ್ ಬ್ಯಾಟರಿಯ ವೋಲ್ಟೇಜ್ ಅಲುಗುವುದೇ ಇಲ್ಲ

ಎಂಜಿನ್ ಆಫ್ ಇದ್ದಾಗ 12.2, ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ಎರಡು ಮೂರು ನಿಮಿಷ ಬಿಟ್ಟರೂ 12.2. ಅಂದರೆ ಒಂದು ಹನಿಯೂ ಬರುತ್ತಿಲ್ಲ, ದಾರಿ ಪೂರ್ತಿ ಕಡಿದಿದೆ. ಗಾಬರಿ ಬೇಡ, ಈ ಬರಹದಲ್ಲಿ ಅತಿ ಸುಲಭವಾಗಿ ಸಿಕ್ಕಿಬೀಳುವ ದೋಷವೇ ಇದು.

ಟ್ರೈಲರ್‌ನಲ್ಲಿ ಬ್ಯಾಟರಿ ಕಟ್-ಆಫ್ ಸ್ವಿಚ್ ಇದ್ದರೆ ಅದು ಆನ್ ಇದೆಯೇ? ಕೆಲವು ಟ್ರೈಲರ್‌ಗಳಲ್ಲಿ ಈ ಸ್ವಿಚ್ ಆಫ್ ಮಾಡಿದರೆ ಒಳಗಿನ ದೀಪಗಳ ಜೊತೆ ಚಾರ್ಜಿಂಗ್ ವೈರೂ ಕಡಿಯುತ್ತದೆ. ಶೆಡ್ಡಿನಲ್ಲಿ ನಿಲ್ಲಿಸಿದಾಗ ಆಫ್ ಮಾಡಿದ್ದು ಹಾಗೇ ಉಳಿದಿರುತ್ತದೆ. ಆಮೇಲೆ ಬ್ಯಾಟರಿ ಹತ್ತಿರದ ಫ್ಯೂಸ್. ಕಣ್ಣಿಗೆ ಸರಿ ಕಂಡರೆ ಸಾಲದು, ಎರಡೂ ಕಡೆ ಮೀಟರ್ ಹಿಡಿದು ನೋಡಿ.

ಇನ್ನು ಪ್ಲಗ್ ಬಿಚ್ಚಿ ವಾಹನದ ಸಾಕೆಟ್‌ಗೆ ಬನ್ನಿ. ಚಾರ್ಜಿಂಗ್ ಯಾವ ಪಿನ್ನಿನಲ್ಲಿ ಎಂಬುದು ಸಾಕೆಟ್ ಯಾವ ಬಗೆಯದು ಎಂಬುದರ ಮೇಲೆ ಹೋಗುತ್ತದೆ. ಯುರೋಪಿನಲ್ಲಿ ಬಳಸುವ, ಐಎಸ್‌ಒ 11446 ಮಾನದಂಡದ 13 ಪಿನ್ ಸಾಕೆಟ್‌ನಲ್ಲಿ 9ನೆಯದು ಸದಾ ಜೀವಂತ, 10ನೆಯದು ಕೀ ಆನ್ ಆದಾಗ ಬರುವಂಥದ್ದು. 9ಕ್ಕೆ ಅರ್ತಿಂಗ್ 13ನೆಯದು, 10ಕ್ಕೆ 11ನೆಯದು. ಉತ್ತರ ಅಮೆರಿಕದ 7 ಪಟ್ಟಿಯ ಸಾಕೆಟ್‌ನಲ್ಲಿ ಚಾರ್ಜಿಂಗ್ ವೈರ್ ಕಪ್ಪು, ಅರ್ತಿಂಗ್ ಬಿಳಿ. ಕಪ್ಪು ಅಂದರೆ ನೆಗೆಟಿವ್ ಎಂದು ರೂಢಿಯಾದ ಕಣ್ಣಿಗೆ ಇದು ತಲೆಕೆಳಗು, ಇಲ್ಲಿ ಕಪ್ಪೇ ಪಾಸಿಟಿವ್. ಬಣ್ಣ ನೋಡಿ ತೀರ್ಮಾನ ಬೇಡ, ಮೀಟರಿನಿಂದ ಖಾತ್ರಿ ಮಾಡಿಕೊಳ್ಳಿ.

ಎಂಜಿನ್ ಓಡುವಾಗ ಆ ಪಿನ್ನಿನಲ್ಲಿ ಏನೂ ಇಲ್ಲವೇ? ವಾಹನದ ಫ್ಯೂಸ್ ಬಾಕ್ಸಿನಲ್ಲಿ ಟ್ರೈಲರ್‌ಗೆ ಸಂಬಂಧಿಸಿದ ಫ್ಯೂಸ್, ರಿಲೇ ನೋಡಿ. ಸುಟ್ಟಿರಬಹುದು. ಮೊದಲಿನಿಂದಲೂ ಇಲ್ಲದೆಯೂ ಇರಬಹುದು! ಕೆಲವು ವಾಹನಗಳಲ್ಲಿ ವೈರ್ ಕಾರ್ಖಾನೆಯಲ್ಲೇ ಎಳೆದಿರುತ್ತಾರೆ, ಫ್ಯೂಸ್ ಮತ್ತು ರಿಲೇ ಹಾಕುವುದನ್ನು ಮಾಲೀಕರಿಗೆ ಬಿಟ್ಟಿರುತ್ತಾರೆ. ಆ ಖಾಲಿ ಗೂಡು ನೋಡದೆ ವರ್ಷಗಟ್ಟಲೆ ಟ್ರೈಲರ್ ಎಳೆದವರಿದ್ದಾರೆ.

ಒಂದು ಎಚ್ಚರಿಕೆ. ಈಚಿನ ಕೆಲವು ವಾಹನಗಳ ಕಂಪ್ಯೂಟರ್, ಹಿಂದೆ ಟ್ರೈಲರ್ ಇದೆ ಎಂದು ಖಾತ್ರಿಯಾಗುವವರೆಗೆ ಚಾರ್ಜಿಂಗ್ ಪಿನ್‌ಗೆ ಕರೆಂಟು ಬಿಡುವುದೇ ಇಲ್ಲ. ಬ್ರೇಕ್ ಲೈಟ್ ಎಳೆಯುವ ಕರೆಂಟು ನೋಡಿ ಅದು ಟ್ರೈಲರನ್ನು ಗುರುತಿಸುತ್ತದೆ. ಹಾಗಿದ್ದರೆ ಖಾಲಿ ಸಾಕೆಟ್‌ಗೆ ಮೀಟರ್ ಹಿಡಿದು ಸೊನ್ನೆ ಕಂಡದ್ದಕ್ಕೆ ಅರ್ಥವಿಲ್ಲ; ಪ್ಲಗ್ ಜೋಡಿಸಿ, ಬ್ರೇಕ್ ಒತ್ತಿಸಿ, ಟ್ರೈಲರ್ ಕಡೆಯ ಜಂಕ್ಷನ್ ಬಾಕ್ಸಿನಲ್ಲಿ ಅಳೆಯಬೇಕು. ಟ್ರೈಲರ್‌ನ ದೀಪಗಳನ್ನು ಎಲ್‌ಇಡಿಗೆ ಬದಲಾಯಿಸಿದ ಮೇಲೆ ಚಾರ್ಜಿಂಗ್ ನಿಂತಿದ್ದರೆ ಅನುಮಾನ ಇಲ್ಲಿಗೇ ತಿರುಗಲಿ, ಎಲ್‌ಇಡಿ ಎಳೆಯುವ ಚೂರು ಕರೆಂಟು ಕಂಪ್ಯೂಟರಿನ ಗಮನಕ್ಕೇ ಬಾರದಿರಬಹುದು.

ಲಕ್ಷಣ: ಪ್ಲಗ್‌ನಲ್ಲಿ ವೋಲ್ಟೇಜ್ ಚೆನ್ನಾಗಿದೆ, ಆದರೂ ಬ್ಯಾಟರಿ ತುಂಬುತ್ತಿಲ್ಲ

ಅತಿ ಹೆಚ್ಚು ಜನರ ತಲೆ ಕೆಡಿಸುವುದು ಇದು. ಮೀಟರ್ 13.9 ತೋರಿಸುತ್ತದೆ, ಮೆಕ್ಯಾನಿಕ್ "ಸಪ್ಲೈ ಸರಿ ಇದೆ, ಬ್ಯಾಟರಿ ಹೋಗಿದೆ" ಅನ್ನುತ್ತಾನೆ. ಮೀಟರ್ ಹೇಳಿದ್ದು ಸುಳ್ಳಲ್ಲ, ಕೇಳಿದ ಪ್ರಶ್ನೆ ತಪ್ಪು. ನಲ್ಲಿ ಮುಚ್ಚಿದ ಪೈಪಿನಲ್ಲಿ ಒತ್ತಡ ಇದ್ದೇ ಇರುತ್ತದೆ, ತಿರುಗಿಸಿದಾಗ ತಾನೇ ನೀರು ಎಷ್ಟು ಬರುತ್ತದೆ ಎಂದು ತಿಳಿಯುವುದು. ಮಲ್ಟಿಮೀಟರ್ ಎಳೆಯುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹತ್ತಾರು ಎಳೆಗಳ ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು 13.9 ತೋರಿಸುತ್ತದೆ.

ಲೋಡ್ ಕೊಟ್ಟು ಅಳೆಯಿರಿ. ಸಾಕೆಟ್‌ನ ಚಾರ್ಜಿಂಗ್ ಪಿನ್ನಿಗೂ ಅರ್ತಿಂಗ್ ಪಿನ್ನಿಗೂ ನಡುವೆ 55 ವಾಟಿನ ಬಲ್ಬ್ ಜೋಡಿಸಿ, ಅದು ಉರಿಯುತ್ತಿರುವಾಗಲೇ ಅದೇ ಎರಡು ಪಿನ್‌ಗಳಿಗೆ ಮೀಟರ್ ಹಿಡಿಯಿರಿ. ಬಲ್ಬ್ ಎಳೆಯುವುದು ನಾಲ್ಕೂವರೆ ಆಂಪಿಯರ್ ಆಸುಪಾಸು. ಅರ್ಧ ವೋಲ್ಟಿನೊಳಗೆ ಇಳಿದರೆ ವಾಹನದ ಕಡೆ ಒಂದು ಮಟ್ಟಕ್ಕೆ ಚೆನ್ನಾಗಿದೆ. ಬಲ್ಬ್ ಕೆಂಪಗೆ ಮಿಣುಗಿ, 13.9 ಇದ್ದದ್ದು 10ಕ್ಕೆ ಜಾರಿದರೆ ಎಲ್ಲೋ ಒಂದು ಜಾಯಿಂಟ್ ಕೆಟ್ಟಿದೆ. ಅದೇ ಜಾಗ ಬಿಸಿಯೂ ಆಗುತ್ತಿರುತ್ತದೆ. ಬಲ್ಬಿನ ಗಾಜು ಮುಟ್ಟಬೇಡಿ, ಪ್ಲಾಸ್ಟಿಕ್ ಮೇಲೆ ಇಡಬೇಡಿ, ಕ್ಷಣಾರ್ಧದಲ್ಲಿ ಸುಡುತ್ತದೆ.

ಕೆಟ್ಟ ಜಾಯಿಂಟ್ ಎಲ್ಲಿ? ಮೊದಲ ಶಂಕೆ ಪ್ಲಗ್ ಮತ್ತು ಸಾಕೆಟ್ ಮೇಲೆ. ಟಾರ್ಚ್ ಹಾಕಿ ಒಳಗೆ ನೋಡಿ. ಹಿತ್ತಾಳೆ ಪಿನ್ನು ಹೊಳೆಯುತ್ತಿರಬೇಕು. ಬುಡದಲ್ಲಿ ಹಸಿರು ಕಿಲುಬು ಕಟ್ಟಿದ್ದರೆ, ಒಂದು ಪಿನ್ನು ಮಾತ್ರ ಕಂದು ತಿರುಗಿ ಸುತ್ತಲಿನ ಪ್ಲಾಸ್ಟಿಕ್ ಸ್ವಲ್ಪ ಉಬ್ಬಿದಂತಿದ್ದರೆ, ಅದೇ ಕಳ್ಳ. ಸೀಳಿರುವ ಪಿನ್ನಿನ ಎರಡು ದಳಗಳು ವರ್ಷಗಳ ಬಳಕೆಯಿಂದ ಹತ್ತಿರ ಸೇರಿಕೊಂಡು ಹಿಡಿತ ಕಳೆದುಕೊಂಡಿರುತ್ತವೆ. ವಾಹನದ ಕೀ ತೆಗೆದು, ಫ್ಯೂಸ್ ಕಿತ್ತು, ಕಿಲುಬು ಉಜ್ಜಿ, ತೆಳು ಸ್ಕ್ರೂಡ್ರೈವರ್‌ನಿಂದ ದಳಗಳನ್ನು ಕೂದಲೆಳೆಯಷ್ಟು ಅಗಲಿಸಿ. ಪ್ಲಗ್ ಕವಚ ಬಿಚ್ಚಿ ವೈರ್ ಹಿಡಿದಿರುವ ಸ್ಕ್ರೂ ಬಿಗಿ ಮಾಡಿ. ಒಳಗೆ ನೀರು ಹೋಗಿ ವೈರ್‌ನ ತಾಮ್ರ ಕಪ್ಪಾಗಿದ್ದರೆ ಒಳ್ಳೆ ತಾಮ್ರ ಕಾಣುವವರೆಗೆ ಕತ್ತರಿಸಿ ಮತ್ತೆ ಜೋಡಿಸಿ. ಪ್ಲಾಸ್ಟಿಕ್ ಕರಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಪ್ಲಗ್ ಸಾಕೆಟ್ ಎರಡನ್ನೂ ಬದಲಾಯಿಸಿ. ಒಂದನ್ನು ಮಾತ್ರ ಬದಲಾಯಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ.

ಆಮೇಲೆ ಅರ್ತಿಂಗ್. ಟ್ರೈಲರ್ ಕೊಂಡಿಯ ಗುಂಡು ಲೋಹಕ್ಕೆ ಲೋಹ ತಾಗಿದೆ, ಅದೇ ಅರ್ತಿಂಗ್ ಸಾಕು ಎಂದುಕೊಂಡವರಿದ್ದಾರೆ. ಗ್ರೀಸ್, ಬಣ್ಣ, ತುಕ್ಕು ಇರುವ ಕುಲುಕಾಡುವ ಜಾಗ ಅದು. ಪ್ಲಗ್‌ನಲ್ಲಿ ಅರ್ತಿಂಗ್‌ಗೆ ಪಾಸಿಟಿವ್‌ನಷ್ಟೇ ದಪ್ಪದ ವೈರ್ ಇರಬೇಕು. ಅದು ಚಾಸಿಗೆ ಸೇರುವ ಬೋಲ್ಟಿನ ಕೆಳಗೆ ಬಣ್ಣ ಕೆರೆದು ಬರಿ ಲೋಹ ಕಾಣುವಂತೆ ಮಾಡಿರಬೇಕು.

ಎಲ್ಲ ಜಾಯಿಂಟೂ ಸರಿ, ಆದರೂ ಇಳಿತ ಇದೆ ಅಂದರೆ ವೈರೇ ಸಣ್ಣದು. ತಾಮ್ರದ 2.5 ಸ್ಕ್ವೇರ್ ಎಂ.ಎಂ. ವೈರ್‌ಗೆ ಮೀಟರಿಗೆ ಸುಮಾರು 0.007 ಓಮ್ ರೋಧ. ಹೋಗಲು ಎಂಟು ಮೀಟರ್, ಬರಲು ಎಂಟು, ಒಟ್ಟು 16 ಮೀಟರ್‌ಗೆ 0.11 ಓಮ್. ಹತ್ತು ಆಂಪಿಯರ್ ಹರಿಸಿದರೆ 1.1 ವೋಲ್ಟ್ ದಾರಿಯಲ್ಲೇ ಖರ್ಚು. ಮುಂದೆ 14.2 ಇದ್ದದ್ದು ಹಿಂದೆ ಮುಟ್ಟುವುದು 13.1. ಅದೇ ದೂರಕ್ಕೆ 6 ಸ್ಕ್ವೇರ್ ಹಾಕಿದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ, 16 ಸ್ಕ್ವೇರ್ ಆದರೆ 0.2ರೊಳಗೆ. ಲೆಡ್ ಆ್ಯಸಿಡ್ ಪೂರ್ತಿ ತುಂಬಲು 14ರ ಮೇಲೆ ಬೇಕು, ಹಾಗಾಗಿ 13.1ರಲ್ಲಿ ತುಂಬುವುದೇನೋ ತುಂಬುತ್ತದೆ, ಆಮೆ ವೇಗದಲ್ಲಿ. ಲಿಥಿಯಂ ಕಥೆ ಇನ್ನೂ ವಿಚಿತ್ರ: ಆ ಹತ್ತು ಆಂಪಿಯರನ್ನು ಫ್ರಿಜ್‌ನಂಥ ಬೇರೆ ಲೋಡ್ ಎಳೆಯುತ್ತಿದ್ದು, ಅದರದೇ ವೋಲ್ಟೇಜ್ 13.2 ಇದ್ದರೆ 13.1ರ ವೈರ್‌ನಿಂದ ಒಂದು ಹನಿಯೂ ಒಳಗೆ ಹೋಗುವುದಿಲ್ಲ.

ನಷ್ಟ ಪಾಸಿಟಿವ್ ಕಡೆಯೋ ಅರ್ತಿಂಗ್ ಕಡೆಯೋ ಎಂದು ಬೇರ್ಪಡಿಸುವುದು ಹೀಗೆ. ಎಂಜಿನ್ ಓಡುತ್ತಿರಲಿ, ಟ್ರೈಲರ್ ಬ್ಯಾಟರಿ ಸ್ವಲ್ಪ ಖಾಲಿಯಾಗಿರಲಿ, ಟ್ರೈಲರ್‌ನ ದೀಪಗಳೂ ಉರಿಯುತ್ತಿರಲಿ. ಮೀಟರಿನ ಒಂದು ವೈರ್‌ಗೆ ಉದ್ದನೆಯ ತಂತಿ ಸೇರಿಸಿಕೊಳ್ಳಿ. ತೆಳುವಾದರೂ ನಡೆಯುತ್ತದೆ, ಆದರೆ ವಾಹನದ ಬ್ಯಾಟರಿ ತುದಿಯಲ್ಲಿ ಒಂದು ಆಂಪಿಯರಿನ ಫ್ಯೂಸ್ ಇರಲಿ. ವಾಹನ ಬ್ಯಾಟರಿಯ ಪಾಸಿಟಿವ್‌ನಿಂದ ಟ್ರೈಲರ್ ಬ್ಯಾಟರಿಯ ಪಾಸಿಟಿವ್‌ಗೆ ಅಳೆಯಿರಿ. ಬಂದ ಅಂಕಿಯೇ ಪಾಸಿಟಿವ್ ದಾರಿಯ ನಷ್ಟ. ನೆಗೆಟಿವ್‌ನಿಂದ ನೆಗೆಟಿವ್‌ಗೆ ಅಳೆದರೆ ಅರ್ತಿಂಗ್ ದಾರಿಯದು. ಎರಡೂ ಹೆಚ್ಚು ಕಡಿಮೆ ಸಮ ಇದ್ದರೆ ವೈರ್ ಸಣ್ಣದು. ಒಂದು ಕಡೆ 0.2, ಇನ್ನೊಂದು ಕಡೆ 1.4 ಬಂದರೆ ಆ ಇನ್ನೊಂದು ಕಡೆ ಜಾಯಿಂಟ್ ಕೆಟ್ಟಿದೆ, ತುಂಡು ತುಂಡಾಗಿ ಅಳೆಯುತ್ತಾ ಹತ್ತಿರ ಬಂದರೆ ಸಿಗುತ್ತದೆ. ಫ್ಯೂಸ್ ಹೋಲ್ಡರಿನ ಎರಡು ಕಾಲುಗಳ ನಡುವೆಯೂ ಅಳೆಯಲು ಮರೆಯಬೇಡಿ.

ಹಳೆಯ ವ್ಯವಸ್ಥೆಗಳಲ್ಲಿ ಡಯೋಡ್ ಐಸೊಲೇಟರ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇದ್ದರೆ ಅದೊಂದೇ 0.7 ವೋಲ್ಟ್ ತಿನ್ನುತ್ತದೆ. ಅದು ಕೆಟ್ಟಿದ್ದಲ್ಲ, ಅದರ ಗುಣವೇ ಅಷ್ಟು. ಬದಲಿಗೆ ರಿಲೇ ಹಾಕಿಸುವುದು ಮೇಲು.

ಲಕ್ಷಣ: ಹೊರಟಾಗ ಚಾರ್ಜ್ ಆಗುತ್ತದೆ, ಸ್ವಲ್ಪ ದೂರ ಹೋದ ಮೇಲೆ ನಿಲ್ಲುತ್ತದೆ

ಈಚಿನ ಅನೇಕ ವಾಹನಗಳಲ್ಲಿ ಆಲ್ಟರ್ನೇಟರ್ ಒಂದೇ ಸಮ 14 ವೋಲ್ಟ್ ಕೊಡುವುದಿಲ್ಲ. ಇಂಧನ ಉಳಿಸಲು, ವಾಹನದ ಬ್ಯಾಟರಿ ತುಂಬುತ್ತಿದ್ದಂತೆ ಕಂಪ್ಯೂಟರ್ ಅದನ್ನು 12.5ರ ಆಸುಪಾಸಿಗೆ ಇಳಿಸುತ್ತದೆ. ಇಳಿಜಾರಿನಲ್ಲಿ ಆ್ಯಕ್ಸಿಲರೇಟರ್ ಬಿಟ್ಟಾಗ 15ರ ಹತ್ತಿರ ಏರಿಸುತ್ತದೆ. ಇದನ್ನು ಸ್ಮಾರ್ಟ್ ಆಲ್ಟರ್ನೇಟರ್ ಅನ್ನುತ್ತಾರೆ. ಟ್ರೈಲರ್ ಬ್ಯಾಟರಿಯ ಪಾಲಿಗೆ ಅಷ್ಟೇನೂ ಸ್ಮಾರ್ಟ್ ಅಲ್ಲ. ವೋಲ್ಟೇಜ್ ನೋಡಿ ತೆರೆಯುವ ಮುಚ್ಚುವ ರಿಲೇ ಇದ್ದರೆ, ಸಾಮಾನ್ಯವಾಗಿ 13.3ರ ಹತ್ತಿರ ಸೇರಿ 12.8ರ ಹತ್ತಿರ ಬಿಡುವಂಥದ್ದು, ಅದು ಎಂಜಿನ್ ನಿಂತಿದೆ ಎಂದು ತಿಳಿದು ಕಡಿದುಬಿಡುತ್ತದೆ.

ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಸಣ್ಣ ವೋಲ್ಟ್‌ಮೀಟರ್ ಹಾಕಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಓದುವ ಕೆಲಸ ಪಕ್ಕದವರಿಗಿರಲಿ, ಚಾಲಕನಿಗೆ ಬೇಡ. ಸಮ ರಸ್ತೆಯಲ್ಲಿ 12.5, ಇಳಿಜಾರಿನಲ್ಲಿ 14.8 ಹೀಗೆ ಕುಣಿಯುತ್ತಿದ್ದರೆ ಉತ್ತರ ಸಿಕ್ಕಿತು. ಕೆಲವು ವಾಹನಗಳಲ್ಲಿ ಹೆಡ್‌ಲೈಟ್ ಹಾಕಿದರೆ ವೋಲ್ಟೇಜ್ ಮೇಲೇರಿ ನಿಲ್ಲುತ್ತದೆ. ಆ ದಿನದ ಪ್ರಯಾಣಕ್ಕೆ ಅಷ್ಟು ಸಾಕು. ಶಾಶ್ವತ ಪರಿಹಾರ ಡಿಸಿ-ಡಿಸಿ ಚಾರ್ಜರ್. ಒಳಗೆ 12.5 ಬಂದರೂ ಅದು ಹೊರಗೆ 14.4 ಮಾಡಿ ಕೊಡುತ್ತದೆ.

ಸ್ಮಾರ್ಟ್ ಆಲ್ಟರ್ನೇಟರ್ ಅಲ್ಲವೆಂದರೆ ಎರಡು ಅನುಮಾನ. ತಾನಾಗಿ ಮತ್ತೆ ಸೇರುವ ಸರ್ಕ್ಯೂಟ್ ಬ್ರೇಕರ್ ಬಿಸಿಯಾಗಿ ಕಡಿದು, ತಣ್ಣಗಾಗಿ ಸೇರುತ್ತಿರಬಹುದು. ಅಥವಾ ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಲ್ಲುವ ವಾಹನದಲ್ಲಿ, ನಿಂತಾಗಲೆಲ್ಲ ಚಾರ್ಜಿಂಗೂ ನಿಲ್ಲುತ್ತಿರಬಹುದು. ಎರಡನೆಯದು ದೋಷವಲ್ಲ.

ಲಕ್ಷಣ: ಫ್ರಿಜ್ ಹಾಕಿ ಓಡಿಸಿದರೆ ಬ್ಯಾಟರಿ ಮೊದಲಿಗಿಂತ ಖಾಲಿ

ಗ್ಯಾಸಿನಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ 12 ವೋಲ್ಟಿನಲ್ಲಿ ಓಡುವಾಗ ಹತ್ತು ಆಂಪಿಯರ್, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಒಂದೇ ಸಮನೆ ಎಳೆಯುತ್ತದೆ. ಹಿಂದಕ್ಕೆ ಬರುತ್ತಿರುವುದೇ ಎಂಟು ಆಂಪಿಯರ್ ಆದರೆ ಉಳಿದ ಎರಡು ಬ್ಯಾಟರಿಯಿಂದ ಹೋಗಬೇಕು. ಫ್ರಿಜ್ ಆಫ್ ಮಾಡಿ ಒಂದು ಗಂಟೆ ಓಡಿಸಿ ನೋಡಿ. ಬ್ಯಾಟರಿ ಏರಿದರೆ ವೈರಿಂಗ್ ಬಡಪಾಯಿ, ಫ್ರಿಜ್ ಹೊಟ್ಟೆಬಾಕ. ಫ್ರಿಜ್‌ಗೆ ಬೇರೆ ವೈರ್ ಎಳೆಯಬೇಕು, ಇಲ್ಲವೇ ಕಂಪ್ರೆಸರ್ ಫ್ರಿಜ್‌ಗೆ ಬದಲಾಗಬೇಕು.

ಲಕ್ಷಣ: ಫ್ಯೂಸ್ ಪದೇ ಪದೇ ಹೋಗುತ್ತಿದೆ

ದೊಡ್ಡ ಫ್ಯೂಸ್ ಹಾಕಿ ನೋಡೋಣ ಎಂಬ ಯೋಚನೆ ಬಂದರೆ ಅಲ್ಲೇ ಬಿಡಿ. ಫ್ಯೂಸ್ ಇರುವುದು ವೈರ್ ಉಳಿಸಲು. ಮೂವತ್ತರ ಜಾಗಕ್ಕೆ 60 ಹಾಕಿದರೆ ಮುಂದಿನ ಸಲ ಫ್ಯೂಸಿನ ಬದಲು ವೈರ್ ಉರಿಯುತ್ತದೆ, ಅದೂ ಓಡುವ ವಾಹನದ ಕೆಳಗೆ.

ಯಾವಾಗ ಹೋಗುತ್ತದೆ ಎಂಬುದನ್ನು ಗಮನಿಸಿ. ಹೊಸ ಬ್ಯಾಟರಿ ಹಾಕಿದ ಮೊದಲ ಸಲವೇ ಫಟ್ ಅಂದರೆ ಪಾಸಿಟಿವ್ ನೆಗೆಟಿವ್ ಅದಲುಬದಲಾಗಿದೆ. ಮತ್ತೆ ಪ್ರಯತ್ನಿಸದೆ ಮೊದಲು ಧ್ರುವ ಪರೀಕ್ಷಿಸಿ. ಬ್ಯಾಟರಿ ತೀರಾ ಖಾಲಿಯಿದ್ದಾಗ ಮಾತ್ರ, ಹೊರಟ ಸ್ವಲ್ಪ ಹೊತ್ತಿಗೆ ಹೋದರೆ ಮೊದಲ ಸೆಳೆತವೇ ಹೆಚ್ಚು; ಮನೆಯ ಚಾರ್ಜರಿನಲ್ಲಿ ತುಂಬಿ ಹೊರಡಿ. ಹೊಸದಾಗಿ ಲಿಥಿಯಂ ಹಾಕಿದ್ದರೆ ಇದು ಮಾಮೂಲಾಗಿಯೇ ಆಗುತ್ತದೆ, ಅದು ಕೊಟ್ಟಷ್ಟೂ ಎಳೆಯುತ್ತದೆ. ನಿಂತಲ್ಲೇ ನಿಧಾನ ಓಡುವ ಎಂಜಿನ್‌ನಲ್ಲಿ ಆಲ್ಟರ್ನೇಟರ್‌ಗೆ ತಂಪು ಗಾಳಿ ಕಡಿಮೆ, ಅದು ಸುಟ್ಟೂಹೋಗಬಹುದು. ಲಿಥಿಯಂಗೆ ಕರೆಂಟು ಮಿತಿ ಮಾಡುವ ಡಿಸಿ-ಡಿಸಿ ಚಾರ್ಜರ್ ಹಾಕಲೇಬೇಕು ಎಂಬುದು ನನ್ನ ಅಭಿಪ್ರಾಯ.

ಗುಂಡಿ ಹಾರಿದಾಗ, ತಿರುವು ತೆಗೆದುಕೊಂಡಾಗ ಹೋದರೆ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗುತ್ತಿದೆ. ಹುಡುಕಲು ಫ್ಯೂಸ್ ಮೇಲೆ ಫ್ಯೂಸ್ ಸುಡಬೇಕಿಲ್ಲ. ಟ್ರೈಲರ್ ಪ್ಲಗ್ ತೆಗೆದು, ಸುಟ್ಟ ಫ್ಯೂಸಿನ ಎರಡು ಕಾಲುಗಳ ಜಾಗಕ್ಕೆ 21 ವಾಟಿನ ಬಲ್ಬ್ ಜೋಡಿಸಿ. ಎಷ್ಟೇ ಶಾರ್ಟ್ ಇದ್ದರೂ ಅದರ ಮೂಲಕ ಎರಡು ಆಂಪಿಯರಿಗಿಂತ ಹೆಚ್ಚು ಹರಿಯದು. ಪ್ರಖರವಾಗಿ ಉರಿದರೆ ಶಾರ್ಟ್ ವಾಹನದ ಕಡೆ ಇದೆ. ಈಗ ವೈರ್ ಉದ್ದಕ್ಕೂ ಕೈಯಾಡಿಸುತ್ತಾ ಹೋಗಿ, ಬಲ್ಬ್ ಮಿಣುಕಿದ ಜಾಗವೇ ಗಾಯ; ಸಾಮಾನ್ಯವಾಗಿ ಚಾಸಿಯ ತೂತಿನಲ್ಲಿ ರಬ್ಬರ್ ಬುಷ್ ಕಿತ್ತುಹೋದ ಕಡೆ. ಟ್ರೈಲರ್ ಕಡೆ ಹುಡುಕುವಾಗ ಟ್ರೈಲರ್ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿಡಿ, ಆ ತುದಿಯಿಂದಲೂ ವೈರ್‌ಗೆ ಕರೆಂಟು ಬರುತ್ತಿರುತ್ತದೆ. ಎರಡೂ ಬ್ಯಾಟರಿಗಳ ಬಳಿ ಒಂದೊಂದು ಫ್ಯೂಸ್ ಇರಬೇಕು ಅನ್ನುವುದೂ ಇದಕ್ಕೇ.

ಲಕ್ಷಣ: ರಾತ್ರಿ ಟ್ರೈಲರ್ ಜೋಡಿಸಿಟ್ಟರೆ ಬೆಳಿಗ್ಗೆ ವಾಹನವೇ ಸ್ಟಾರ್ಟ್ ಆಗುವುದಿಲ್ಲ

ಕರೆಂಟು ಹಿಂದಕ್ಕೆ ಹರಿದುಹೋಗಿದೆ. ಕೀ ತೆಗೆದು ಕೆಲವು ನಿಮಿಷ ಕಾದು, ಖಾಲಿ ಸಾಕೆಟ್‌ನಲ್ಲಿ ಅಳೆಯಿರಿ. ಕೀ ಜೊತೆ ಹೋಗಬೇಕಾದ ಪಿನ್ನಿನಲ್ಲಿ ಇನ್ನೂ 12 ಇದ್ದರೆ ರಿಲೇಯ ಒಳಗಿನ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ, ಅಥವಾ ಯಾರೋ ರಿಲೇ ಇಲ್ಲದೆ ನೇರ ಎಳೆದಿದ್ದಾರೆ. 13 ಪಿನ್ ಸಾಕೆಟ್‌ನ 9ನೆಯ ಪಿನ್ ಹೇಗೂ ಸದಾ ಜೀವಂತ, ಅದಕ್ಕೆ ಫ್ರಿಜ್ ಜೋಡಿಸಿದ್ದರೆ 10ಕ್ಕೆ ಬದಲಾಯಿಸಿ. ರಿಪೇರಿ ಆಗುವ ತನಕ ನಿಲ್ಲಿಸಿದಾಗಲೆಲ್ಲ ಪ್ಲಗ್ ಬಿಚ್ಚಿಡಿ.

ಲಕ್ಷಣ: ಡಿಸಿ-ಡಿಸಿ ಚಾರ್ಜರ್ ದೀಪ ಆನ್ ಆಗುತ್ತೆ, ಆಫ್ ಆಗುತ್ತೆ, ಮತ್ತೆ ಆನ್

ಇದು ಹಿಂದೆ ಹೇಳಿದ ವೈರ್ ಕಥೆಯೇ, ವೇಷ ಬೇರೆ. ಇಪ್ಪತ್ತು ಆಂಪಿಯರ್ ಚಾರ್ಜರ್ 14.4 ವೋಲ್ಟಿನಲ್ಲಿ ಹೊರಗೆ ಕೊಡುವುದು 288 ವಾಟ್. ಒಳಗೆ 12.5 ಬರುತ್ತಿದ್ದು, ಶೇ. 10 ನಷ್ಟ ಎಂದಿಟ್ಟರೂ ಎಳೆಯಬೇಕಾದ್ದು 25 ಆಂಪಿಯರಿಗಿಂತ ಹೆಚ್ಚು. ಮೇಲಿನ 2.5 ಸ್ಕ್ವೇರ್ ವೈರ್‌ನಲ್ಲಿ ಅಷ್ಟು ಹರಿದರೆ ಎರಡೂಮುಕ್ಕಾಲು ವೋಲ್ಟ್ ಮಾಯ. ಒಳಗಿನ ವೋಲ್ಟೇಜ್ 10ಕ್ಕೆ ಕುಸಿದೊಡನೆ ಚಾರ್ಜರ್ ತನ್ನನ್ನು ಆಫ್ ಮಾಡಿಕೊಳ್ಳುತ್ತದೆ. ಲೋಡ್ ಹೋಯಿತು, ವೋಲ್ಟೇಜ್ ಮತ್ತೆ 12.5, ಮತ್ತೆ ಆನ್. ನೀವು ಮೀಟರ್ ಹಿಡಿದ ಗಳಿಗೆ ಆಫ್ ಆಗಿದ್ದರೆ 'ಇನ್‌ಪುಟ್ ಸರಿಯಾಗಿದೆ' ಅನಿಸುತ್ತದೆ. ಆನ್ ಆಗುವ ಕ್ಷಣದಲ್ಲಿ ಅಂಕಿ ಬೀಳುವುದನ್ನು ನೋಡಬೇಕು. ಚಾರ್ಜರಿನಲ್ಲಿ ಕರೆಂಟು ಅರ್ಧಕ್ಕೆ ಇಳಿಸುವ ಸೆಟ್ಟಿಂಗ್ ಇದ್ದರೆ ಹಾಕಿ ನೋಡಿ. ಈ ಆನ್-ಆಫ್ ಆಟ ನಿಂತರೆ ವೈರ್ ದಪ್ಪ ಮಾಡಿಸಬೇಕು ಎಂದು ಖಚಿತ.

ದೀಪ ಹತ್ತುವುದೇ ಇಲ್ಲವಾದರೆ, ಎಂಜಿನ್ ಆನ್ ಆಗಿದೆ ಎಂದು ತಿಳಿಸುವ ಸಣ್ಣ ಸಿಗ್ನಲ್ ವೈರ್ ನೋಡಿ. ದಪ್ಪ ಕೇಬಲ್ ಎಲ್ಲ ಸರಿ ಹಾಕಿ ಈ ತೆಳು ವೈರ್ ಮರೆತಿರುವುದುಂಟು. ಲಿಥಿಯಂ ಬ್ಯಾಟರಿ ಶೂನ್ಯ ಡಿಗ್ರಿಗಿಂತ ತಣ್ಣಗಿದ್ದರೆ ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಚಾರ್ಜ್ ಒಪ್ಪುವುದಿಲ್ಲ, ಅದನ್ನು ತಪ್ಪಿಸುವ ದಾರಿ ಹುಡುಕಬೇಡಿ.

ವಾಹನ ಬ್ಯಾಟರಿಯ ನೆಗೆಟಿವ್ ಕ್ಲಾಂಪಿನ ಮೇಲೆ ಸಣ್ಣ ಸೆನ್ಸರ್ ಪೆಟ್ಟಿಗೆ ಇದ್ದರೆ ಚಾರ್ಜರಿನ ಅರ್ತಿಂಗನ್ನು ಬ್ಯಾಟರಿ ಪೋಸ್ಟ್‌ಗೆ ಕಟ್ಟದೆ ಚಾಸಿಗೆ ಕಟ್ಟಿ. ಇಲ್ಲವಾದರೆ ಹಿಂದಕ್ಕೆ ಹೋದ ಕರೆಂಟಿನ ಲೆಕ್ಕ ವಾಹನದ ಕಂಪ್ಯೂಟರಿಗೆ ಸಿಗುವುದಿಲ್ಲ.

ಲಕ್ಷಣ: ಸಂಜೆ ಫುಲ್, ಎರಡು ಗಂಟೆಯಲ್ಲಿ ಖಾಲಿ

ಈಗ ಬ್ಯಾಟರಿಯ ಸರದಿ. ಮನೆಯ ಚಾರ್ಜರಿನಲ್ಲಿ ಪೂರ್ತಿ ತುಂಬಿ, ನೆಗೆಟಿವ್ ಬಿಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ 12.6 ಇಲ್ಲದೆ 12.2ಕ್ಕೆ ಬಿದ್ದಿದ್ದರೆ ಅದು ಮುಗಿದಿದೆ. ಹತ್ತೂವರೆ ಆಸುಪಾಸಿಗೆ ಬಂದು ನಿಂತಿದ್ದರೆ ಆರರಲ್ಲಿ ಒಂದು ಸೆಲ್ ಶಾರ್ಟ್. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಹೈಡ್ರೋಮೀಟರಿನಲ್ಲಿ (ಆ್ಯಸಿಡ್‌ನ ಸಾಂದ್ರತೆ ಅಳೆಯುವ ಸಾಧನ) ತುಂಬಿದ ಸೆಲ್ 1.265ರ ಸುತ್ತ ತೋರಿಸಬೇಕು. ಒಂದು ಸೆಲ್ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಅದೇ ರೋಗಿ. ಪ್ಲೇಟು ಕಾಣುವಷ್ಟು ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆ್ಯಸಿಡ್ ಅಲ್ಲ. ಬಿಚ್ಚಿಟ್ಟಾಗ ಸರಿ ಇದ್ದು, ಜೋಡಿಸಿದಾಗ ಮಾತ್ರ ಖಾಲಿಯಾದರೆ ಬ್ಯಾಟರಿ ನಿರಪರಾಧಿ. ಟ್ರೈಲರ್‌ನಲ್ಲಿ ಏನೋ ಒಂದು ಸದ್ದಿಲ್ಲದೆ ಎಳೆಯುತ್ತಿದೆ.

ಎಲ್ಲಿ ನಿಲ್ಲಿಸಬೇಕು

ಬ್ಯಾಟರಿ ಉಬ್ಬಿದೆ, ಮುಟ್ಟಲಾಗದಷ್ಟು ಬಿಸಿ ಇದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ ಅಂದರೆ ಎಂಜಿನ್ ಆಫ್ ಮಾಡಿ, ದೂರ ಸರಿಯಿರಿ, ತಣ್ಣಗಾಗಲು ಬಿಡಿ. ಆಗ ಕೇಬಲ್ ಬಿಚ್ಚಲು ಹೋದರೆ ಕಿಡಿ ಹಾರುತ್ತದೆ. ಆ್ಯಸಿಡ್ ಕಣ್ಣಿಗೆ ಸಿಡಿದರೆ ತಡಮಾಡದೆ ಧಾರಾಳ ನೀರಿನಲ್ಲಿ ತೊಳೆಯುತ್ತಾ ಆಸ್ಪತ್ರೆಗೆ ಹೋಗಿ. ವೈರಿನ ಸುಟ್ಟ ವಾಸನೆ, ವಾಹನದ ಬ್ಯಾಟರಿ ಚಿಹ್ನೆಯ ಕೆಂಪು ದೀಪ, ಕಂಪ್ಯೂಟರ್ ಎಚ್ಚರಿಕೆ ಬಂದರೆ ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡಿ. ಟ್ರೈಲರ್ ಮಾಡ್ಯೂಲಿಗೆ (ಟ್ರೈಲರ್ ಸಾಕೆಟ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕಂಪ್ಯೂಟರಿನಲ್ಲಿ ಅನುಮತಿ ಹಾಕಬೇಕಾದ ವಾಹನಗಳಿಗೂ ಅವರೇ ಬೇಕು.

ಟ್ರೈಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ವಿಷಯ ಇನ್ನೂ ಗಂಭೀರ. ಕೊಂಡಿ ಕಳಚಿದಾಗ ತಾನಾಗಿ ಬ್ರೇಕ್ ಹಿಡಿಸುವ ಸ್ವಿಚ್ ನಡೆಯುವುದು ಟ್ರೈಲರ್‌ನ ಬ್ಯಾಟರಿಯಿಂದ. ಆ ಬ್ಯಾಟರಿ ಸತ್ತಿದ್ದರೆ ಟ್ರೈಲರ್ ಎಳೆಯಬೇಡಿ.

ರಿಪೇರಿ ಆದ ಮೇಲೆ

ಬ್ಯಾಟರಿಯನ್ನು ಬೇಕೆಂದೇ ಅರ್ಧಕ್ಕೆ ಇಳಿಸಿ, ಎಂಜಿನ್ ಓಡಿಸಿ, ಟ್ರೈಲರ್ ಬ್ಯಾಟರಿಯ ಪಾಸಿಟಿವ್ ಕೇಬಲ್‌ಗೆ ಕ್ಲಾಂಪ್ ಮೀಟರ್ ಹಾಕಿ. ಹಾಕುವ ಮೊದಲು ಮೀಟರನ್ನು ಸೊನ್ನೆಗೆ ತನ್ನಿ. ಬಾಣ ಬ್ಯಾಟರಿ ಕಡೆಗಿರಲಿ, ಮೈನಸ್ ಬಂದರೆ ಕರೆಂಟು ಹೊರಗೆ ಹೋಗುತ್ತಿದೆ ಎಂದರ್ಥ. ಆಂಪಿಯರ್, ಎರಡೂ ಬ್ಯಾಟರಿಗಳ ವೋಲ್ಟೇಜ್, ಎಂಜಿನ್ ವೇಗ ಇಷ್ಟನ್ನೂ ಬರೆದು ಟ್ರೈಲರ್ ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ. ಅರ್ಧ ಗಂಟೆ ಓಡಿಸಿ ಬಂದು ಪ್ಲಗ್, ಫ್ಯೂಸ್ ಹೋಲ್ಡರ್, ಪ್ರತಿ ಜಾಯಿಂಟಿನ ಹತ್ತಿರ ಕೈಯ ಹಿಂಬದಿ ತನ್ನಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದೇ ಒಂದು ಜಾಗ ಉಳಿದವಕ್ಕಿಂತ ಎದ್ದು ಕಾಣುವಷ್ಟು ಬಿಸಿಯಿದ್ದರೆ ಆ ಜಾಯಿಂಟನ್ನು ಇನ್ನೊಮ್ಮೆ ಬಿಚ್ಚಿ ಕಟ್ಟಬೇಕು.